ಸಿಹಿ ಮೊಗೆಯಿಂದ ಬೆಂಕಿಪುರಕ್ಕೆ

ಶಿವಮೊಗ್ಗ ಎಂಬ ಹೆಸರು ‘ಸಿಹಿ ಮೊಗೆ’ಯಿಂದ ಬಂತು ಎನ್ನುವವರಿದ್ದಾರೆ, ದೂರ್ವಾಸ ಮುನಿಗಳು ಇಲ್ಲಿ ಮೊಗೆಯಲ್ಲಿ ಸಿಹಿ ಗಿಡಮೂಲಿಕೆ ಕಾಯಿಸಿದರಂತೆ. ಅಲ್ಲಿಂದ ಸುಮಾರು 20 ಕಿ.ಮೀ. ದೂರದ ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಮೊಗೆ, ಸಿಹಿ, ಉರಿ: ಮೂತ್ರ ಪರೀಕ್ಷೆಯ ಮುಕ್ಕಾಲು ಪಾಠ ಈ ಎರಡು ಊರುಗಳ ಹೆಸರಿನಲ್ಲೇ ಮುಗಿದುಹೋಯಿತು. ಉಳಿದ ಕಾಲು ಭಾಗವನ್ನು ‘ಗುಪ್ತರೋಗ’ ಎಂದು ಗೋಡೆಗೋಡೆಯ ಮೇಲೆ ಬರೆದು ಗುಪ್ತವಾಗಿ ಇಟ್ಟಿದ್ದೇವೆ. ನಮ್ಮ ಭಾಷೆಗೂ ಈ ವಿಷಯದಲ್ಲಿ ಮಹಾ ಸಂಕೋಚ. ‘ಒಂದಕ್ಕೆ’ ಎಂದು ಬೆರಳೆತ್ತುತ್ತದೆ, ‘ಜಲಬಾಧೆ’ ಎಂದು ನರಳುತ್ತದೆ, ‘ಮೂತ್ರಶಂಕೆ’ ಎಂದು ಅನುಮಾನಿಸುತ್ತದೆ. ಈ ಕೊನೆಯ ಮಾತಿಟ್ಟವನು ಮಾತ್ರ ದೂರದೃಷ್ಟಿಯವನು. ಶೌಚಾಲಯದಲ್ಲಿ ಪರಿಹಾರವಾಗುವುದು ಮೂತ್ರ ಅಷ್ಟೇ. ಶಂಕೆಗೆ ಲ್ಯಾಬೇ ಬೇಕು.

ಆ ಲ್ಯಾಬಿನ ಪುಟ್ಟ ಬಾಟಲಿಯನ್ನು ನಾವು ಕವಡೆ ಶಾಸ್ತ್ರದವರಂತೆ ನೋಡುತ್ತೇವೆ ಎನ್ನುವುದೇ ನನ್ನ ತಕರಾರು. ಬಾಯಿ ಬಿಡದೆ ಎದುರಿಗಿಟ್ಟರೆ ಸಾಕು, ಮನಸ್ಸಿನಲ್ಲಿರುವುದನ್ನೆಲ್ಲ ಅದೇ ಹೇಳಿಬಿಡಬೇಕು! ಭದ್ರಾವತಿಯವರಿಗಾದರೂ ಇದು ಒಪ್ಪಿಗೆಯಾಗಬಾರದು. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಊರು ಅದು. ಕುದಿಯುವ ಲೋಹದಿಂದ ಒಂದು ಸೌಟು ಸ್ಯಾಂಪಲ್ ತೆಗೆದು, ಇಂಗಾಲ ಎಷ್ಟು ಎಂದು ಕೇಳಿದರೆ ಇಂಗಾಲದ ಲೆಕ್ಕ ಬರುತ್ತದೆ. ಕೇಳದ ರಂಜಕದ ಲೆಕ್ಕ ತಾನಾಗಿ ಬರುವುದಿಲ್ಲ. ಮೂತ್ರದ್ದೂ ಅದೇ ಕಥೆ. ‘ಯೂರಿನ್ ರೂಟೀನ್’ ಎಂದು ಬರೆದರೆ ಬಣ್ಣ, ಅಲ್ಬುಮಿನ್, ಸಕ್ಕರೆ, ಪಸ್ ಸೆಲ್ಸ್ ಸಿಗುತ್ತವೆ. ‘ಕಲ್ಚರ್’ ಎಂದರೆ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ, ಯಾವ ಔಷಧಿಗೆ ಸಾಯುತ್ತದೆ ಎಂದು ನೋಡಿ ಒಂದೆರಡು ದಿನ ಬಿಟ್ಟು ಹೇಳುತ್ತಾರೆ. ಲೈಂಗಿಕ ಸೋಂಕುಗಳಾದ ಕ್ಲಮೈಡಿಯ, ಗೊನೋರಿಯ ಈ ಎರಡರಲ್ಲೂ ಸಿಕ್ಕಿಬೀಳುವುದಿಲ್ಲ ಎನ್ನಬಹುದು. ಅವಕ್ಕೆ ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡುತ್ತಿದ್ದ ಪಿಸಿಆರ್ ಜಾತಿಯ ಪರೀಕ್ಷೆಯೇ ಆಗಬೇಕು. ಸಿಫಿಲಿಸ್, ಎಚ್‌ಐವಿಗಳಂತೂ ರಕ್ತ ಕೇಳುತ್ತವೆ. ಹೀಗಿರುವಾಗ ರೂಟೀನ್ ವರದಿಯ ‘ನಾರ್ಮಲ್’ ಎಂಬ ಮಾತನ್ನು ನಡತೆಯ ಸರ್ಟಿಫಿಕೇಟಿನಂತೆ ಮಡಿಸಿ ಜೇಬಿಗಿಟ್ಟುಕೊಳ್ಳುವವರಿಗೆ ಏನೆನ್ನೋಣ?

ಇನ್ನೂ ಸೊಗಸಾದ ಸಂಗತಿ ಎಂದರೆ ಒಂದೇ ಧಾರೆಯೊಳಗಿನ ಪಂಕ್ತಿಭೇದ. ಮೂತ್ರನಾಳದ ಸೋಂಕಿಗೆ ಕಲ್ಚರ್ ಮಾಡುವುದಾದರೆ ಮೊದಲ ಪಂಕ್ತಿಯನ್ನು ಹೊರಗೆ ಬಿಟ್ಟು ನಡುವಿನದನ್ನು ಹಿಡಿಯಬೇಕು. ಬಾಗಿಲಲ್ಲೇ ಕುಳಿತ ಚರ್ಮದ ಬ್ಯಾಕ್ಟೀರಿಯಾಗಳು ಆಹ್ವಾನವಿಲ್ಲದೆ ಬಂದ ನೆಂಟರು. ಅವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮೂತ್ರಕೋಶದ ಮೇಲೆ ಸುಳ್ಳು ಆಪಾದನೆ. ಕ್ಲಮೈಡಿಯ ಹುಡುಕುವುದಾದರೆ ತದ್ವಿರುದ್ಧ. ಅದು ಮನೆಮಾಡಿಕೊಂಡಿರುವುದು ಮೂತ್ರನಾಳದ ಗೋಡೆಯಲ್ಲಿ, ಆದ್ದರಿಂದ ಗೋಡೆ ತೊಳೆದುಕೊಂಡು ಬರುವ ಮೊದಲ 20–30 ಮಿಲೀಲೀಟರೇ ಅಮೂಲ್ಯ. ಅದಕ್ಕೂ ಮುಂಚೆ ಕನಿಷ್ಠ ಒಂದು ಗಂಟೆ ತಡೆದುಕೊಂಡಿರಬೇಕು. (ಹೆಂಗಸರಿಗೆ ಮೂತ್ರಕ್ಕಿಂತ ಯೋನಿಯ ಸ್ವಾಬ್ ಹೆಚ್ಚು ನಂಬಿಕಸ್ಥ.) ಡಾಕ್ಟರ ಬಳಿ ಅಸಲು ವಿಷಯ ನುಂಗಿಕೊಂಡವನು ಶ್ರದ್ಧೆಯಿಂದ ನಡುಧಾರೆ ಹಿಡಿದು ತಂದರೆ, ಸಾಕ್ಷಿಯನ್ನು ಕೈಯಾರೆ ಚರಂಡಿಗೆ ಬಿಟ್ಟು ಬಂದಂತಾಯಿತು.

ಬಾಟಲಿಯ ಸಾಗಾಣಿಕೆಯಲ್ಲಿ ನಾಚಿಕೆಗೂ ವಿಜ್ಞಾನಕ್ಕೂ ನೇರ ಜಗಳ. ಬಸುರಿಯ ಕೈಯಲ್ಲಿ ತಾಯಿ ಕಾರ್ಡ್ ಜೊತೆಗಿದ್ದರೆ ಅದೇ ಬಾಟಲಿಗೆ ಮರ್ಯಾದೆ ಇದೆ. ಉಳಿದವರದ್ದು ಮೊದಲು ಹಳೇ ಪೇಪರಿನಲ್ಲಿ, ಆಮೇಲೆ ಕಪ್ಪು ಪ್ಲಾಸ್ಟಿಕ್ ಕವರಿನಲ್ಲಿ, ಕೊನೆಗೆ ಊಟದ ಬ್ಯಾಗಿನಲ್ಲಿ ಅಜ್ಞಾತವಾಸ. ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು, ಇಲ್ಲವೇ ತಂಪಿನಲ್ಲಿಡಬೇಕು. ಏಕೆಂದರೆ ಈ-ಕೊಲೈ ಎಂಬ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಮನೆ ಬಿಡುವಾಗ ಸಾವಿರವಿದ್ದದ್ದು ಎರಡು ಗಂಟೆಯಲ್ಲಿ 64 ಸಾವಿರ, ಇನ್ನೊಂದು 20 ನಿಮಿಷಕ್ಕೆ 1 ಲಕ್ಷ 28 ಸಾವಿರ. ಮಿಲೀಲೀಟರಿಗೆ ಲಕ್ಷ ದಾಟಿದರೆ ಸೋಂಕು ಎನ್ನುವುದು ಲ್ಯಾಬಿನವರ ಹಳೆಯ ಗೆರೆ; ಹಾಗಾಗಿ ದಾರಿಯಲ್ಲಿ ಕಾಫಿಗೆಂದು ನಿಂತವನಿಗೆ ಕಾಫಿಯ ಜೊತೆ ಕಾಯಿಲೆಯೂ ಸಿಕ್ಕಬಹುದು. ಮಲೆನಾಡಿನ ಮನೆಗಳಲ್ಲಿ ಜೇನಿನ ಖಾಲಿ ಬಾಟಲಿಗೆ ಬರವಿಲ್ಲ. ಅದನ್ನೇ ಅರೆಬರೆ ತೊಳೆದು ತಂದರೆ ಸಿಹಿ ಮೊಗೆಯ ಹೆಸರು ಸಾರ್ಥಕ.

‘ಇದೆಲ್ಲ ಏನೂ ಬೇಡ, ಉಷ್ಣ ಆಗಿದೆ ಅಷ್ಟೇ, ಎರಡು ಎಳನೀರು ಕುಡಿ’ ಎನ್ನುವ ವಾದವನ್ನು ನಾನು ಹಗುರವಾಗಿ ತಳ್ಳುವವನಲ್ಲ. ಹೆಚ್ಚು ನೀರು ಕುಡಿಯುವುದರಿಂದ ಪ್ರಯೋಜನವಿದೆ, ಸಣ್ಣಪುಟ್ಟ ಉರಿಮೂತ್ರ ತಾನಾಗಿ ಇಳಿಯುವುದೂ ಉಂಟು. ಎಳನೀರಿನ ತಪ್ಪೆಂದರೆ ಉರಿ ಇಳಿದದ್ದಕ್ಕೆಲ್ಲ ಹೆಸರು ತಾನೇ ಹೊಡೆದುಕೊಳ್ಳುವುದು. ಕ್ಲಮೈಡಿಯ ಬಹುಪಾಲು ಹೆಂಗಸರಲ್ಲಿ ಉರಿಯನ್ನೇ ಕೊಡುವುದಿಲ್ಲ. ಸದ್ದಿಲ್ಲದೆ ಗರ್ಭನಾಳಕ್ಕೆ ಹೋಗಿ ಕೂರಲೂಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ದಿನ ಆಂಟಿಬಯಾಟಿಕ್ ನುಂಗಿ ಆಮೇಲೆ ಬಾಟಲಿ ತುಂಬಿಸುವವರದು ಇನ್ನೊಂದು ಬಗೆ. ವರದಿಯಲ್ಲಿ ಪಸ್ ಸೆಲ್ಸ್ ದಂಡಿಯಾಗಿರುತ್ತವೆ, ಕಲ್ಚರಿನಲ್ಲಿ ಏನೂ ಬೆಳೆಯುವುದಿಲ್ಲ. ಪೊಲೀಸರು ತುಂಬಿದ್ದಾರೆ, ಕಳ್ಳನಿಲ್ಲ. ಕಳ್ಳ ಮಾತ್ರೆಗೆ ಹೆದರಿ ಅಡಗಿದ್ದಾನೋ, ತಟ್ಟೆಯಲ್ಲಿ ಬೆಳೆಯದ ಕ್ಲಮೈಡಿಯವೋ, ಕ್ಷಯವೋ ಎಂದು ಡಾಕ್ಟರು ತಲೆ ಕೆರೆದುಕೊಳ್ಳಬೇಕು.

‘ಪಿಸಿಆರ್ ದುಬಾರಿ, ಎಲ್ಲ ಕಡೆ ಮಾಡುವುದಿಲ್ಲ’ ಎಂಬ ಆಕ್ಷೇಪವನ್ನು ಒಪ್ಪಲೇಬೇಕು. ಸರ್ಕಾರಕ್ಕೂ ಇದು ಗೊತ್ತು. ಅದಕ್ಕೇ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲಕ್ಷಣ ಕೇಳಿ, ಬಣ್ಣಬಣ್ಣದ ಕಿಟ್‌ನಲ್ಲಿ ಮಾತ್ರೆಗಳನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಲಕ್ಷಣ ಇದ್ದವರಿಗೆ ಇದು ಒಳ್ಳೆಯ ದಾರಿ. ಆದರೆ ಅಲ್ಲೂ ಬಾಯಿ ಬಿಟ್ಟೇ ಹೇಳಬೇಕು. ಕೊನೆಗೆ ಉಳಿಯುವುದು ಎಲ್ಲಕ್ಕಿಂತ ದೊಡ್ಡ ಆಕ್ಷೇಪ: ಊರು ಚಿಕ್ಕದು, ಲ್ಯಾಬಿನ ಹುಡುಗ ಷಡ್ಡಕನ ಕಡೆಯವನು. ಮೆಗ್ಗಾನ್ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಬೀದಿಯ ಅರ್ಧ ಜನ ಸಿಗುತ್ತಾರೆ. ಇದಕ್ಕೆ ನನ್ನಲ್ಲಿ ವೈಜ್ಞಾನಿಕ ಪರಿಹಾರವೇ ಇದೆ. ಶಿವಮೊಗ್ಗದವರು ಭದ್ರಾವತಿಗೆ ಹೋಗಲಿ, ಭದ್ರಾವತಿಯವರು ಶಿವಮೊಗ್ಗಕ್ಕೆ ಬರಲಿ. ಬಾಟಲಿ ಒಯ್ಯುವುದು ಬೇಡ, ಬಾಟಲಿಯ ಮೂಲವನ್ನೇ ಒಯ್ಯಲಿ; ಹೇಗೂ ಒಂದು ಗಂಟೆ ತಡೆದುಕೊಳ್ಳಬೇಕಲ್ಲ, ಬಸ್ಸಿನಲ್ಲೇ ಅದು ಕಳೆಯುತ್ತದೆ. ತೊಂದರೆ ಒಂದೇ. ವಾಪಸು ಬರುವಾಗ ಬಸ್ ನಿಲ್ದಾಣದಲ್ಲಿ ಇಬ್ಬರೂ ಎದುರುಬದುರಾಗುತ್ತಾರೆ. ‘ಏನ್ಸಾರ್, ಈ ಕಡೆ?’ ಎಂದು ಒಬ್ಬ ಕೇಳುತ್ತಾನೆ. ‘ಲಗ್ನಪತ್ರಿಕೆ ಕೊಡೋದಿತ್ತು’ ಎನ್ನುತ್ತಾನೆ ಇನ್ನೊಬ್ಬ, ಆಷಾಢದಲ್ಲಿ.