ಅವಿರೋಧವಾಗಿ ವಿಶ್ವ ಚಾಂಪಿಯನ್

ನಮ್ಮ ಕಡೆ ಹಾಲಿನ ಸೊಸೈಟಿ ಚುನಾವಣೆ ಎಂದರೆ ಮತ ಎಣಿಕೆಗಿಂತ ನಾಮಪತ್ರ ವಾಪಸಿನ ದಿನವೇ ಮುಖ್ಯ. ಅವತ್ತು ಎದುರಾಳಿಯ ಮನೆಗೆ ಯಾರು ಹೋದರು, ಏನು ಮಾತಾಡಿದರು ಎಂಬುದು ಮಾದಪ್ಪನಿಗೇ ಗೊತ್ತು. ಸಂಜೆಗೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಮುಂದೆ ಫ್ಲೆಕ್ಸ್ ಎದ್ದಿರುತ್ತದೆ: ‘ಅವಿರೋಧವಾಗಿ ಆಯ್ಕೆಯಾದ ನಮ್ಮ ನೆಚ್ಚಿನ...’ ಇದಕ್ಕೆ ಮೂಗು ಮುರಿಯುವ ವಿದ್ಯಾವಂತರು ದಯವಿಟ್ಟು ಕಳೆದ ಶತಮಾನದ ನಡುಭಾಗದ ಐಸ್ ಹಾಕಿಯ ಚರಿತ್ರೆ ಓದಬೇಕು.

1953ರ ಮಾರ್ಚ್, ಸ್ವಿಟ್ಜರ್ಲೆಂಡ್. ಹೆಸರು ವಿಶ್ವ ಚಾಂಪಿಯನ್‌ಷಿಪ್. ಕೆನಡಾ ಬರಲಿಲ್ಲ, ಅಮೆರಿಕ ಬರಲಿಲ್ಲ, ಸೋವಿಯತ್ ಒಕ್ಕೂಟ ಇನ್ನೂ ಕಣಕ್ಕೇ ಇಳಿದಿರಲಿಲ್ಲ. ಮೇಲಿನ ಗುಂಪಿನಲ್ಲಿದ್ದದ್ದು ನಾಲ್ಕು ತಂಡ. ನಡುವೆ, ಸ್ಟಾಲಿನ್ ಅಂತ್ಯಕ್ರಿಯೆ ಮುಗಿಸಿ ಬಂದ ಚೆಕೊಸ್ಲೊವಾಕಿಯಾದ ಅಧ್ಯಕ್ಷ ಗೊಟ್ವಾಲ್ಡ್ ತಾವೂ ತೀರಿಕೊಂಡರು. ಅವರ ತಂಡ ಗಂಟುಮೂಟೆ ಕಟ್ಟಿತು. ಉಳಿದದ್ದು ಸ್ವೀಡನ್, ಪಶ್ಚಿಮ ಜರ್ಮನಿ, ಸ್ವಿಟ್ಜರ್ಲೆಂಡ್. ಸ್ವೀಡನ್ ಜಗತ್ತನ್ನೇ ಗೆದ್ದಿತು. ಹನೂರಿನ ಒಂದು ರಾತ್ರಿಯ ಹೊನಲು ಬೆಳಕಿನ ಕಬಡ್ಡಿಗೂ ಇದಕ್ಕಿಂತ ಹೆಚ್ಚು ತಂಡ ಸೇರುತ್ತವೆ. ಆದರೂ ನಾವು, ಪಾಪ, ಸಂಕೋಚದಿಂದ ‘ರಾಜ್ಯಮಟ್ಟ’ ಎಂದಷ್ಟೇ ಬರೆಸುತ್ತೇವೆ.

ಇನ್ನು 1957. ಇದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಕೂತಲ್ಲೇ ಟೀಮು ಬದಲಿಸಿತು. ಹಿಂದಿನ ರಾತ್ರಿಯವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆ, ಬೆಳಗಾದರೆ ಮೈಸೂರು. ಆಗಿನ್ನೂ ಅದೇ ತಾಲ್ಲೂಕಿನೊಳಗಿದ್ದ ಹನೂರೂ ಜೊತೆಯಲ್ಲೇ ಬಂತು. ಯಳಂದೂರು ಮೊದಲಿಂದಲೂ ಮೈಸೂರಿನದೇ. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಊರಿಗೆ ಅಷ್ಟು ಠೇಂಕಾರ ಇರಬೇಕಾದ್ದೇ. ಒಟ್ಟಿನಲ್ಲಿ ಯಾರ ಮನೆಯ ಕಂಬವೂ ಅಲುಗಲಿಲ್ಲ. ಮೂರು ದಿನ ಕಳೆದ ಮೇಲೆ, ಗಡಿ ಬದಲಿಸುವ ಕಾಗದಪತ್ರದ ರಗಳೆಯೇ ಬೇಡವೆಂದು ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟ್‌ಗೆ ನುಗ್ಗಿದವು.

ಅದರ ಬಿಸಿ ತಟ್ಟಿದ್ದು ಐಸಿಗೆ. ಮುಂದಿನ ವಿಶ್ವ ಚಾಂಪಿಯನ್‌ಷಿಪ್ ನಡೆಯಬೇಕಿದ್ದದ್ದು ಮಾಸ್ಕೋದಲ್ಲಿ. ಹಂಗೆರಿಯ ರಕ್ತದ ಮೇಲೆ ಸ್ಕೇಟು ಜಾರಿಸುವುದಿಲ್ಲವೆಂದು ಕೆನಡಾ, ಅಮೆರಿಕ ಮನೆಯಲ್ಲೇ ಉಳಿದವು. ಸ್ವೀಡನ್? ಹೋಯಿತು. ಕೊನೆಯ ಪಂದ್ಯ ಮಾರ್ಚ್ 5ರಂದು, ಲುಜ್ನಿಕಿಯ ಬಯಲು ಕ್ರೀಡಾಂಗಣದಲ್ಲಿ, ಐವತ್ತು ಸಾವಿರ ದಾಟಿದ ಜನರ ಎದುರು. ಸೋವಿಯತ್ತಿಗೆ ಗೆಲುವೇ ಬೇಕು, ಸ್ವೀಡನ್ನಿಗೆ ಸಮ ಆದರೂ ಸಾಕು. ಆದದ್ದು 4-4. ಅವರ ಅಂಗಳದಲ್ಲೇ ಅವರನ್ನು ತಡೆದದ್ದು ಸಣ್ಣ ಮಾತಲ್ಲ, ಒಪ್ಪುತ್ತೇನೆ. ಆದರೆ ಬಹಿಷ್ಕಾರದಿಂದ ಹಂಗೆರಿಗೆ ಏನು ದಕ್ಕಿತು ಎಂದು ಕೇಳಬೇಡಿ. ಲಾಭ ಜಮೆಯಾದದ್ದು ಸ್ಟಾಕ್‌ಹೋಮಿನ ಖಾತೆಗೆ.

1962ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್. ಬರ್ಲಿನ್ ಗೋಡೆ ಎದ್ದ ಸಿಟ್ಟಿಗೆ ಪೂರ್ವ ಜರ್ಮನಿಯ ಆಟಗಾರರಿಗೆ ಪ್ರಯಾಣದ ಪರವಾನಗಿ ಸಿಗಲಿಲ್ಲ; ಆ ಮುನಿಸಿಗೆ ಸೋವಿಯತ್, ಚೆಕೊಸ್ಲೊವಾಕಿಯಾ ಗೈರು. ಸ್ವೀಡನ್ ಕೆನಡಾವನ್ನು 5-3ರಿಂದ ಸೋಲಿಸಿ ಮತ್ತೆ ಚಾಂಪಿಯನ್. ಅಂದರೆ ಅದರ ಮೊದಲ ಮೂರು ವಿಶ್ವಪಟ್ಟಗಳ ಹೊತ್ತಿಗೂ ಯಾರೋ ಸೂತಕದಲ್ಲಿದ್ದರು ಇಲ್ಲವೇ ಮುನಿಸಿನಲ್ಲಿದ್ದರು. ನಾಲ್ಕನೆಯದಕ್ಕೆ 1987ರವರೆಗೆ ಕಾಯಬೇಕಾಯಿತು. (ಕೆನಡಾ ಆಗೆಲ್ಲ ಯಾವುದೋ ಊರಿನ ಕ್ಲಬ್ಬಿಗೆ ದೇಶದ ಅಂಗಿ ತೊಡಿಸಿ ಕಳಿಸುತ್ತಿತ್ತು. 1952ರ ಒಲಿಂಪಿಕ್ ಚಿನ್ನ ಗೆದ್ದ ಎಡ್ಮಂಟನ್ ಮರ್ಕ್ಯುರೀಸ್ ತಂಡವನ್ನು ಸಾಕಿದ್ದು ಒಬ್ಬ ಕಾರು ವ್ಯಾಪಾರಿ. ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಗಳ ಮಾಲೀಕರು ಗಮನಿಸಬೇಕು.)

ಇದನ್ನೆಲ್ಲ ನೋಡಿದ ಮೇಲೆ ನನ್ನದೊಂದು ಸಲಹೆ. ಭಾರತ 1989ರಲ್ಲೇ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಸದಸ್ಯ. ಲಡಾಖಿನ ಹುಡುಗ ಹುಡುಗಿಯರು ಹೆಪ್ಪುಗಟ್ಟಿದ ಕೆರೆಗಳ ಮೇಲೆ ಹಲ್ಲು ಕಟಕಟಿಸುತ್ತ ಅಭ್ಯಾಸ ಮಾಡುತ್ತಾರೆ. ಅಷ್ಟೆಲ್ಲ ಕಷ್ಟ ಯಾಕೆ? ವಿಶ್ವ ಪಂದ್ಯಾವಳಿಯನ್ನು ಏಪ್ರಿಲ್ ತಿಂಗಳಲ್ಲಿ ಹನೂರಿನಲ್ಲಿ ಕರೆಯೋಣ. ಐಸು ಎಲ್ಲಿ ಎಂದು ಕೇಳಿದವರಿಗೆ ಬಿಳಿಗಿರಿರಂಗನ ಬೆಟ್ಟ ತೋರಿಸೋಣ. ದೂರಕ್ಕೆ ಬಿಳಿ ಕಂಡರೆ ಸಾಕು, ಹತ್ತಿರ ಹೋಗಿ ಬಂಡೆ ಎಂದು ತಿಳಿಯುವ ಹೊತ್ತಿಗೆ ಅನುದಾನ ಬಿಡುಗಡೆಯಾಗಿರುತ್ತದೆ. ಐಸು ಕಟ್ಟಿಸಲು ಕರೆಂಟು? ಪಕ್ಕದ ಶಿವನಸಮುದ್ರದಲ್ಲಿ 1902ರಿಂದಲೂ ಹುಟ್ಟುತ್ತಿದೆ. ಆದರೆ ಹುಟ್ಟಿದ ವರ್ಷವೇ ಅದು ಕೋಲಾರದ ಚಿನ್ನದ ಗಣಿಗೆ ಹೊರಟಿತು, ದೊಡ್ಡವರ ಮನೆ ಹುಡುಕಿ ಹೋಗುವ ಆ ಚಾಳಿ ಇನ್ನೂ ಬಿಟ್ಟಿಲ್ಲ. ಬಿಸಿಲು ಕೇಳಿಯೇ ಜಗತ್ತು ಹಿಂದೆ ಸರಿಯುತ್ತದೆ. ಭಾರತ ಅವಿರೋಧ.

ಟೀ ಅಂಗಡಿಯಲ್ಲಿ ಈ ಯೋಜನೆ ವಿವರಿಸಿದಾಗ ಒಬ್ಬ ಹಿರಿಯರು ತಲೆ ಕೆರೆದುಕೊಂಡರು: “ಬ್ಯಾರೆ ದೇಸದೋರು ಬರ್ನಿಲ್ಲ ಅಂದ್ರ ಸರಿ ಕನಣ್ಣ. ನಮ್ಮೋರೇ ಬರ್ನಿಲ್ಲ ಅಂದ್ರ?”

ಮಾತು ಖರೆ. ಆಹ್ವಾನ ಪತ್ರಿಕೆಯಲ್ಲಿ ಕೊಳ್ಳೇಗಾಲದ ಹೆಸರು ಮೇಲೆ ಬಂದರೆ ಹನೂರಿನವರು ‘ಮೈದಾನ ನಮ್ಮದು’ ಎಂದು ಎದ್ದು ಹೋಗುತ್ತಾರೆ. ಮೂರನೇ ಸಾಲಿಗೆ ಬಿದ್ದ ಯಳಂದೂರಿನವರು ಶಿಷ್ಟಾಚಾರ ಉಲ್ಲಂಘನೆಯೆಂದು ತಹಶೀಲ್ದಾರರಿಗೆ ಮನವಿ ಕೊಟ್ಟು ಬಹಿಷ್ಕಾರ ಹಾಕುತ್ತಾರೆ. ಕೊಳ್ಳೇಗಾಲದವರು ಇಬ್ಬರನ್ನೂ ಖಂಡಿಸಿ ಬಸ್ ಸ್ಟ್ಯಾಂಡಿನಲ್ಲಿ ಧರಣಿ ಕೂರುತ್ತಾರೆ. ಅಷ್ಟು ಹೊತ್ತಿಗೆ ಬೆಂಗಳೂರಿನಲ್ಲಿ ಇಳಿದ ಸ್ವೀಡನ್ ತಂಡ, ಹೆಗಲಿಗೆ ಸ್ಕೇಟು ನೇತುಹಾಕಿಕೊಂಡು, ಹನೂರಿನ ಬಸ್ ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತಿರುತ್ತದೆ.