ಟವೆಲ್ ಹಾಕಿದ ಸೀಟು

ನನ್ನ ಬಾಮೈದ ಕಾರು ತೆಗೆದುಕೊಂಡ ದಿನದಿಂದ ಬಂಧುಬಳಗದಲ್ಲಿ ನಾನು ಪಾಪದ ಮನುಷ್ಯನಾಗಿಬಿಟ್ಟಿದ್ದೇನೆ. ಮದುವೆಗೆ ಹೋಗಲಿ, ನಾಮಕರಣಕ್ಕೆ ಹೋಗಲಿ, ಚಪ್ಪಲಿ ಬಿಡುವ ಮೊದಲೇ ಯಾರಾದರೊಬ್ಬರು ‘ಹೇಗ್ ಬಂದ್ರಿ?’ ಅನ್ನುತ್ತಾರೆ. ‘ಬಸ್ಸಲ್ಲಿ’ ಅಂದರೆ ಸಾಕು, ನನಗೇನೋ ದೊಡ್ಡ ಆಪರೇಷನ್ ಆಗಿದೆ ಅನ್ನುವ ಹಾಗೆ ‘ಅಯ್ಯೋ, ಕೂತ್ಕೊಳ್ಳಿ ಕೂತ್ಕೊಳ್ಳಿ’ ಎಂದು ಕುರ್ಚಿ ಎಳೆದುಕೊಡುತ್ತಾರೆ.

ಮೊನ್ನೆ ಶನಿವಾರ, ಭಾನುವಾರ ಚಿಕ್ಕಮಗಳೂರಿಗೆ ಹೊರಟಾಗಲೂ ಅದೇ ಕಥೆ. ‘ಏನ್ ಭಾವ, ಗಿರಿ ನೋಡೋಕೂ ಬಸ್ಸಾ? ನಾವೂ ಹೊರಟಿದ್ದೀವಿ, ಹಿಂದಿನ ಸೀಟಲ್ಲಿ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದ ಬಾಮೈದ. ಹಿಂದಿನ ಸೀಟೆಂದರೆ ಅವನ ಇಬ್ಬರು ಮಕ್ಕಳು, ಒಂದು ಕೂಲರ್ ಬಾಕ್ಸ್, ಮೂರು ದಿಂಬು. ‘ಬೇಡಪ್ಪ, ನಿನಗ್ಯಾಕೆ ತೊಂದರೆ’ ಎಂದು ತಪ್ಪಿಸಿಕೊಂಡೆ.

ರಾಜಹಂಸ ಬುಕ್ ಮಾಡೋಣ ಎಂದು ಮನೆಯವಳಿಗೆ ಹೇಳಿದೆ. ‘ಅದರಲ್ಲಿ ಶಕ್ತಿ ನಡೆಯಲ್ಲ ರೀ’ ಅಂದಳು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದ 2023ರ ಜೂನ್ 11ರಿಂದ ಈಚೆಗೆ ನಮ್ಮ ಮನೆಯ ಪ್ರವಾಸ ನೀತಿಯೆಲ್ಲ ಈ ಒಂದು ವಾಕ್ಯದಲ್ಲೇ ತೀರ್ಮಾನವಾಗುತ್ತದೆ. ಕೆಂಪು ಬಸ್ಸೇ ಗತಿ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಪ್ಲಾಟ್‌ಫಾರ್ಮಿಗೆ ಬರುತ್ತಿದ್ದ ಹಾಗೇ ನನ್ನ ಕೈ ತಾನಾಗಿ ಮೇಲೆದ್ದು ಕಿಟಕಿಯೊಳಗೆ ಟವೆಲ್ ಎಸೆಯಿತು. ಕಾಲೇಜಿನ ದಿನಗಳ ವಿದ್ಯೆ, ಈಜಿನ ಹಾಗೆ ಮರೆಯುವುದಿಲ್ಲ. ಗುರಿಯನ್ನೂ ಯೋಚಿಸಿಯೇ ಇಟ್ಟಿದ್ದೆ. ಬೆಳಿಗ್ಗೆ ಪಶ್ಚಿಮಕ್ಕೆ ಹೊರಡುವ ಬಸ್ಸಿನಲ್ಲಿ ಚಳಿಗಾಲದ ಬಿಸಿಲು ಹಾಸನದವರೆಗೂ ಎಡಗಡೆಯವರನ್ನು ಬಿಡುವುದಿಲ್ಲ. ನಮ್ಮದು ಬಲಗಡೆ.

ಕಂಡಕ್ಟರ್ ಬಂದರು. ಮನೆಯವಳು ಆಧಾರ್ ಕಾರ್ಡ್ ತೋರಿಸಿದಳು, ಮೆಷಿನ್ನಿನಿಂದ ಸೊನ್ನೆ ರೂಪಾಯಿಯ ಟಿಕೆಟ್ ಹೊರಗೆ ಬಂತು. ಅದನ್ನು ಪ್ರಸಾದದ ಹಾಗೆ ಮಡಿಸಿ ಪರ್ಸಿನಲ್ಲಿಟ್ಟುಕೊಂಡು, ‘ನಿಮ್ಮದೆಷ್ಟಾಯ್ತು?’ ಎಂದು ಕೇಳಿದಳು. ಗೊತ್ತಿಲ್ಲದೆ ಕೇಳಿದ್ದಲ್ಲ. ಕುಣಿಗಲ್ ಬಂದಾಗ ಇನ್ನೊಮ್ಮೆ ಕೇಳಿದಳು. ನಾನು ಐನೂರರ ನೋಟು ಕೊಟ್ಟಿದ್ದರಿಂದ ಕಂಡಕ್ಟರ್ ಬಾಕಿ ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಟ್ಟಿದ್ದರು. ಆ ಚೀಟಿ ಜೇಬಿನಲ್ಲಿದ್ದರೆ ಮನುಷ್ಯನಿಗೆ ನಿದ್ದೆ ಬರುವುದಿಲ್ಲ. ಅದಕ್ಕೇ ಇರಬೇಕು, ದಾರಿಯನ್ನೆಲ್ಲ ಅಷ್ಟು ಚೆನ್ನಾಗಿ ನೋಡಿದೆ. ಈ ಬಸ್ಸುಗಳಲ್ಲಿ ಅರ್ಧದಷ್ಟು ಸೀಟು ಗಂಡಸರಿಗೆ ಮೀಸಲು ಎಂಬ ನಿಯಮವೂ ಇದೆ. ಅದನ್ನು ಓದಿಕೊಂಡು ಬಂದವನು ಬಸ್ಸಿನಲ್ಲಿ ನಾನೊಬ್ಬನೇ ಇದ್ದ ಹಾಗಿತ್ತು. ಯಾರಿಗೂ ಹೇಳುವ ಧೈರ್ಯ ಬರಲಿಲ್ಲ.

ನೆಲಮಂಗಲದ ಜಾಮಿನಲ್ಲಿ ಬಾಮೈದನ ಕಾರು ನಮ್ಮ ಪಕ್ಕಕ್ಕೇ ಬಂದು ನಿಂತಿತ್ತಂತೆ. ‘ಭಾವ, ನೀವು ಕಡಲೆಕಾಯಿ ಸುಲಿದು ತಿಂತಾ ಇದ್ರಿ, ಎಷ್ಟು ಹಾರ್ನ್ ಹೊಡೆದ್ರೂ ನೋಡ್ಲಿಲ್ಲ’ ಎಂದು ಆಮೇಲೆ ದೂರಿದ. ಅಲ್ಲಪ್ಪಾ, ಜಾಮಿನಲ್ಲಿ ಎಲ್ಲರೂ ಹಾರ್ನ್ ಹೊಡೆಯುತ್ತಿರುವಾಗ ನಿನ್ನದನ್ನು ಮಾತ್ರ ಗುರುತು ಹಿಡಿಯೋದು ಹೇಗೆ?

ತಿಂಡಿಗೆ ನಿಲ್ಲಿಸಿದ ಹೋಟೆಲಿನ ಹೆಸರು ಹೇಳುವುದಿಲ್ಲ. ಅಲ್ಲಿನ ವಡೆಯನ್ನು ಸಾಂಬಾರಿಗೆ ಹಾಕಿ ಚಮಚದಿಂದ ಒತ್ತಿ ಹಿಡಿದೆ. ಕೈ ಬಿಟ್ಟಕೂಡಲೇ ಮೇಲೆ ಬಂತು. ‘ಹತ್ತು ನಿಮಿಷ ಟೈಮಿದೆ’ ಎಂದು ಕಂಡಕ್ಟರ್ ಕೂಗಿದ್ದರು. ಅದು ಗಡಿಯಾರದ ಹತ್ತು ನಿಮಿಷವಲ್ಲ. ಬಸ್ಸಿಗೆ ಹೊಸಬರಾದವರು ಗಡಿಯಾರ ನೋಡಬೇಡಿ, ಡ್ರೈವರನ್ನು ನೋಡಿ. ಅವರ ತಟ್ಟೆಯಲ್ಲಿ ದೋಸೆ ಇರುವ ತನಕ ನಿಮಗೆ ಭಯವಿಲ್ಲ. ಅವರು ಕಾಫಿ ಲೋಟ ಎತ್ತಿದರೆ ನೀವು ದುಡ್ಡು ಕೊಡಿ. ಅವರು ಕೈ ತೊಳೆಯಲು ಎದ್ದರೆ ಓಡಿ. ಬಸ್ಸು ಹೊರಡುವಾಗ ‘ಪಕ್ಕದೋರು ಬಂದ್ರಾ, ನೋಡ್ಕೊಳ್ಳಿ’ ಅನ್ನುತ್ತಾರಲ್ಲ, ಆಗ ನನ್ನ ಹೆಂಡತಿ ತಿರುಗಿ ನನ್ನನ್ನೊಮ್ಮೆ ನೋಡಿ ಒಂದು ಕ್ಷಣ ಯೋಚಿಸಿದಳು. ಅದನ್ನು ನಾನು ಮರೆತಿಲ್ಲ.

ಮರುದಿನ ಬೆಳಿಗ್ಗೆ ಬಾಬಾಬುಡನ್‌ಗಿರಿ ಕಡೆಯ ಬಸ್ಸು ಹತ್ತಿ ಸರ್ಪದಾರಿಯ ಹತ್ತಿರ ಇಳಿದೆವು. ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರದ ಶಿಖರ, ಸುಮಾರು 6,300 ಅಡಿ. ಎಡಕ್ಕೆ ಬಲಕ್ಕೆ ಹೊರಳುವ ಆ ಕಾಲುದಾರಿಯಲ್ಲಿ ಗಾಳಿ ಹೇಗಿತ್ತೆಂದರೆ, ನನ್ನ ತಲೆಯಲ್ಲಿ ಉಳಿದಿರುವ ನಾಲ್ಕು ಕೂದಲೂ ಬೇರೆ ಬೇರೆ ದಿಕ್ಕಿಗೆ ಹಾರುತ್ತಿದ್ದವು. ಮಂಜು ಸರಿದಾಗ ಕೆಳಗಡೆ ರಸ್ತೆ ಕಂಡಿತು. ರಸ್ತೆಯಲ್ಲಿ ಒಂದರ ಬಾಲ ಒಂದು ಹಿಡಿದುಕೊಂಡು ಗಾಡಿಗಳ ಸಾಲು. ‘ಅದರಲ್ಲಿ ನಮ್ಮೋನು ಇದಾನೇನ್ರಿ?’ ಎಂದು ಮನೆಯವಳು ಕಣ್ಣು ಕಿರಿದು ಮಾಡಿದಳು.

ಅವನು ಇರಲಿಲ್ಲ. ಗಿರಿಗೆ ಬರುವ ಪ್ರವಾಸಿ ಗಾಡಿಗಳು ಈಗ ಮುಂಚೆಯೇ ಆನ್‌ಲೈನಿನಲ್ಲಿ ಹೆಸರು ಬರೆಸಿಕೊಳ್ಳಬೇಕು. ಬರೆಸಿರದ ಬಾಮೈದನನ್ನು ಕೈಮರದ ಚೆಕ್‌ಪೋಸ್ಟಿನಿಂದ ವಾಪಸ್ ಕಳಿಸಿದ್ದರು. ಫೋನಿನಲ್ಲಿ ಸಿಡಿಮಿಡಿಗುಟ್ಟಿದ. ನಾನು ಸಮಾಧಾನ ಹೇಳಿದೆ: ‘ನೋಡಪ್ಪ, ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ನೆಟ್ಟರು ಅನ್ನುತ್ತಾರಲ್ಲ ಬಾಬಾ ಬುಡನ್, ಅವರೂ ಕಾರಲ್ಲಿ ಬಂದವರಲ್ಲ.’ ಫೋನ್ ಕಟ್ಟಾಯಿತು. ಗಿರಿಯಲ್ಲಿ ಸಿಗ್ನಲ್ ಸರಿಯಿಲ್ಲ ಅಂದುಕೊಂಡೆ.

ಮಧ್ಯಾಹ್ನ ಅಯ್ಯನಕೆರೆಗೆ ಹೊರಟಾಗ ನೋಡಿದರೆ ಬಸ್ ನಿಲ್ದಾಣದಲ್ಲಿ ಬಾಮೈದ ಸಂಸಾರ ಸಮೇತ ನಿಂತಿದ್ದಾನೆ! ಕಾರು ಲಾಡ್ಜಿನಲ್ಲಿ. ‘ಮಕ್ಕಳು ಬಸ್ಸು ಬಸ್ಸು ಅಂತ ಹಟ ಮಾಡಿದ್ವು’ ಅಂದ. ಮಕ್ಕಳು ಅವನ ಮುಖ ನೋಡಿದವು. ಕಡೂರು ಬಸ್ಸಿನಲ್ಲಿ ಅವನಿಗೆ ಕಿಟಕಿ ಪಕ್ಕ ಬಿಟ್ಟುಕೊಟ್ಟೆ. ಸ್ವಲ್ಪ ಹೊತ್ತು ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಆಮೇಲೆ ನಿಂತಿತು. ‘ಭಾವ, ಈ ರೋಡಲ್ಲಿ ಹತ್ತು ಸಲ ಓಡಾಡಿದೀನಿ. ಬೆಟ್ಟ ಇಷ್ಟು ಹತ್ತಿರ ಇದೆಯಾ?’ ಅಂದ. ಮೊದಲೂ ಅಲ್ಲೇ ಇತ್ತಪ್ಪ, ನೀನು ಮುಂದಿನ ಲಾರಿಯ ನಂಬರ್ ಪ್ಲೇಟು ನೋಡುತ್ತಿದ್ದೆ ಅನ್ನಬೇಕೆನಿಸಿತು. ಅನ್ನಲಿಲ್ಲ. ಮನೆಯವಳ ತಮ್ಮ, ನಾಳೆ ನಾನು ಊಟ ಮಾಡಬೇಕಲ್ಲ.

ಸಖರಾಯಪಟ್ಟಣದಲ್ಲಿ ಇಳಿದು ಆಟೋ ಹಿಡಿದು ಕೆರೆ ಮುಟ್ಟಿದೆವು. ಎದುರಿಗೆ ಶಕುನಗಿರಿ, ಅದರ ಬುಡದವರೆಗೆ ನೀರು. ಕಟ್ಟಿಸಿದ್ದು ರುಕ್ಮಾಂಗದ ರಾಯ ಎಂದು ಜನ ಹೇಳುತ್ತಾರೆ. 1156ರಲ್ಲಿ, ಹೊಯ್ಸಳರ ಕಾಲದಲ್ಲಿ, ದುರಸ್ತಿಯಾದದ್ದಂತೂ ಇತಿಹಾಸ. ಏರಿಯ ಮೇಲೆ ಕೂತು ಬಾಮೈದನ ಮಕ್ಕಳಿಗೆ ನೀರಿನ ರೂಟು ಹೇಳಿಕೊಟ್ಟೆ. ಗಿರಿಯಲ್ಲಿ ಹತ್ತುವ ನೀರಿಗೆ ಅಯ್ಯನಕೆರೆಯಲ್ಲಿ ಹಾಲ್ಟು. ಅಲ್ಲಿಂದ ವೇದಾ ಹೊಳೆಯಾಗಿ ಕಡೂರಿನ ಕಡೆ ಹೋಗಿ, ಆವತಿ ಹೊಳೆಯನ್ನು ಹತ್ತಿಸಿಕೊಂಡು, ವೇದಾವತಿ ಎಂದು ಬೋರ್ಡು ಬದಲಿಸಿ, ಹಿರಿಯೂರಿನ ವಾಣಿ ವಿಲಾಸ ಸಾಗರಕ್ಕೆ. ಆ ಸಾಗರ 1933ರಲ್ಲಿ ತುಂಬಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲಿ. ನಡುವೆ 89 ವರ್ಷ. ವಾಪಸ್ ಬಸ್ಸು ಮುಕ್ಕಾಲು ಗಂಟೆ ತಡವಾದಾಗ ಗೊಣಗಲು ಹೊರಟ ಬಾಮೈದನಿಗೆ ದೊಡ್ಡ ಮಗಳೇ ಇದನ್ನು ನೆನಪಿಸಿದಳು.

ಸಂಜೆ ಅವನು ಕಾರಿನಲ್ಲಿ, ನಾವು ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟೆವು. ಭಾನುವಾರ ಸಂಜೆಯ ಚಿಕ್ಕಮಗಳೂರು ನಿಲ್ದಾಣ ಎಂದರೆ ಜಾತ್ರೆ. ಕಿಟಕಿಯಿಂದ ಟವೆಲ್ ಎಸೆದೆ, ಸರಿಯಾದ ಸೀಟಿಗೇ ಬಿತ್ತು. ನಾವು ಒಳಗೆ ಹತ್ತುವಷ್ಟರಲ್ಲಿ ಅದರ ಮೇಲೆ ದಪ್ಪಗಿನ ಒಬ್ಬ ಮಹನೀಯರು ಕೂತು ಕಣ್ಣು ಮುಚ್ಚಿದ್ದರು. ಎಬ್ಬಿಸಿದರೆ ಏಳಲಿಲ್ಲ. ಹಾಸನದವರೆಗೆ ನಾನು ನಿಂತೆ. ಮನೆಯವಳಿಗೆ ಮುಂದೆ ಯಾರೋ ಸೀಟು ಬಿಟ್ಟುಕೊಟ್ಟರು, ಅದೂ ಉಚಿತ. ಹಾಸನದಲ್ಲಿ ಆ ಮಹನೀಯರು ಇಳಿದರು. ಸೀಟು ಸಿಕ್ಕಿತು, ಟವೆಲ್ ಸಿಗಲಿಲ್ಲ.

ಸ್ವಾಮಿ, ತಾವು ಇದನ್ನು ಓದುತ್ತಿದ್ದರೆ, ಅದು ನೀಲಿ ಅಂಚಿನ ಬಿಳಿ ಟವೆಲ್. ಒಗೆಯದಿದ್ದರೂ ಪರವಾಗಿಲ್ಲ, ಕಳಿಸಿಕೊಡಿ. ಮುಂದಿನ ತಿಂಗಳು ಮತ್ತೆ ಹೊರಟಿದ್ದೇವೆ, ಬಾಮೈದನಿಗೂ ಒಂದು ಸೀಟು ಹಿಡಿಯಬೇಕು.