ಸರ್‌ಕ್ಲಿಪ್ಪಿನ ಅಭಾವಮೀಮಾಂಸೆ

ವೈಶೇಷಿಕ ದರ್ಶನದ ಪ್ರಾಜ್ಞರು ಲೋಕದಲ್ಲಿರುವುದನ್ನೆಲ್ಲ ದ್ರವ್ಯ, ಗುಣ, ಕರ್ಮ ಮೊದಲಾಗಿ ಆರು ಪದಾರ್ಥಗಳಲ್ಲಿ ಅಡಗಿಸಿಯಾದ ಮೇಲೆ, ಲೋಕದಲ್ಲಿ ಇಲ್ಲದಿರುವುದಕ್ಕೂ ಒಂದು ಮಣೆ ಹಾಕಬೇಕೆಂದು ಅವರ ಪರಂಪರೆಯವರಿಗೆ ತೋರಿ, ‘ಅಭಾವ’ವೆಂಬುದನ್ನು ಏಳನೆಯ ಪದಾರ್ಥವಾಗಿ ಸೇರಿಸಿಕೊಂಡರು. ಇಲ್ಲದ್ದು ಪದಾರ್ಥವಾಗುವುದೆಂತು ಎಂಬ ಸಂಶಯ ನನಗೆ ಬಹುಕಾಲವಿದ್ದಿತು. ಪೀಣ್ಯದ ಒಂದು ಗೇರ್‌ಬಾಕ್ಸ್ ಕಾರ್ಖಾನೆಯ ಪ್ಲಾನಿಂಗ್ ವಿಭಾಗವನ್ನು ಸೇರಿದ ಮೊದಲ ವಾರದಲ್ಲಿಯೇ ಅದು ನಿಶ್ಶೇಷವಾಗಿ ಪರಿಹಾರವಾಯಿತು. ಅಲ್ಲಿ ಇರುವ ಸಾಮಾನಿನ ಪಟ್ಟಿಯನ್ನು ಓದುವವರಿಲ್ಲ. ಇಲ್ಲದುದರ ಪಟ್ಟಿಯಾದ ಶಾರ್ಟೇಜ್ ಲಿಸ್ಟಾದರೋ ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಉಚ್ಚಸ್ವರದಿಂದ ಪಾರಾಯಣಗೊಳ್ಳುತ್ತದೆ.

ಅಭಾವವು ಚತುರ್ವಿಧವೆಂದು ಶಾಸ್ತ್ರ. ಅನಾದಿಯಾಗಿದ್ದು ಎಂದಾದರೊಂದು ದಿನ ಕೊನೆಗಾಣುವುದು ಪ್ರಾಗಭಾವ: ಆರ್ಡರ್ ಹೋಗಿದೆ, ಮಾಲು ಬಂದಿಲ್ಲ, ಫೋನ್ ಮಾಡಿದರೆ “ಗಾಡಿ ಹೊರಟಿದೆ ಸಾರ್” ಎಂಬ ಉತ್ತರವೂ ಅನಾದಿಯಾಗಿಯೇ ಬರುತ್ತಿದೆ. ಆದಿಯುಂಟಾಗಿ ಅಂತ್ಯವಿಲ್ಲದ್ದು ಪ್ರಧ್ವಂಸಾಭಾವ: ಮಾಲು ಬಂದಿತ್ತು, ಇನ್ಸ್‌ಪೆಕ್ಷನ್‌ನಲ್ಲಿ ರಿಜೆಕ್ಟ್ ಆಗಿ ಕೆಂಪು ಡಬ್ಬಿಯನ್ನು ಸೇರಿತು. ಡ್ರಾಯಿಂಗ್ ಆಫೀಸಿನವರು ಬಿಡಿಭಾಗಗಳ ಪಟ್ಟಿಯಲ್ಲಿ ಬರೆಯಲು ಮರೆತುದರಿಂದ ಯಾರೂ ಎಂದೂ ತರಿಸದೆ ಉಳಿದದ್ದು ತ್ರಿಕಾಲಗಳಲ್ಲಿಯೂ ಇಲ್ಲವಾದ ಅತ್ಯಂತಾಭಾವ. ಇನ್ನು ಅನ್ಯೋನ್ಯಾಭಾವ, ಗಡಿಗೆಯು ಬಟ್ಟೆಯಲ್ಲ ಎಂದು ಗುರುಕುಲಗಳಲ್ಲಿ ಉದಾಹರಿಸುವುದನ್ನೇ ನಮ್ಮಲ್ಲಿ, ಶಾಫ್ಟಿನ ಮೇಲಿನ ಭಾಗಗಳು ಜಾರದಂತೆ ತಡೆಯುವ ಉಕ್ಕಿನ ಬಳೆಯನ್ನು ತೋರಿಸಿ, 42ರ ಸರ್‌ಕ್ಲಿಪ್ಪು 40ರ ಸರ್‌ಕ್ಲಿಪ್ಪಲ್ಲ ಎನ್ನುತ್ತಾರೆ. ಇದು ಎಲ್ಲಕ್ಕಿಂತ ಕ್ರೂರವಾದದ್ದು, ಏಕೆಂದರೆ ಕೈಯಲ್ಲಿ ಏನೋ ಇರುತ್ತದೆ.

ಅಭಾವವನ್ನು ತಿಳಿಯುವುದೆಂತು? ಕಂಪ್ಯೂಟರ್ 36 ಇದೆ ಎನ್ನುತ್ತದೆ, ಅದು ಶಬ್ದಪ್ರಮಾಣ. ಬಿನ್ನಿಗೆ ಕೈಹಾಕಿದರೆ ಧೂಳು. ಭಾಟ್ಟ ಮೀಮಾಂಸಕರು ಪ್ರತ್ಯೇಕ ಪ್ರಮಾಣವೆಂದು ಮನ್ನಿಸಿದ ಅನುಪಲಬ್ಧಿ ಎಂದರೆ ಇದೇ. ಆದರೆ ನಮ್ಮ ಸ್ಟೋರ್ಸ್ ಕೀಪರ್ ಮಹಾಶಯರು ಪ್ರಾಭಾಕರ ಪಂಥದವರು. ಅಭಾವವೆಂಬುದೊಂದು ಬೇರೆ ಪದಾರ್ಥವಲ್ಲ, ಬರಿದಾದ ನೆಲವೇ ಅದು ಎಂಬ ಆ ಮತವನ್ನು ಅವರು, “ಶಾರ್ಟೇಜ್ ಏನೂ ಇಲ್ಲ ಸಾರ್, ಬಿನ್ನು ಖಾಲಿ ಇದೆ ಅಷ್ಟೆ” ಎಂಬ ಒಂದೇ ವಾಕ್ಯದಲ್ಲಿ ಸಂಗ್ರಹಿಸಿದ್ದಾರೆ.

ಗಣಿತವೂ ಅಭಾವದ ಪಕ್ಷವನ್ನೇ ಹಿಡಿಯುತ್ತದೆ. ಯಂತ್ರವೊಂದಕ್ಕೆ 100 ಬಗೆಯ ಭಾಗಗಳು ಬೇಕು. ಪ್ರತಿಯೊಂದೂ ಬೇಕಾದ ದಿನ ಕೈಗೆ ಸಿಕ್ಕುವ ಸಂಭವ ನೂರಕ್ಕೆ 99 ಎನ್ನೋಣ. ಇಷ್ಟು ಪುಣ್ಯಶಾಲಿಯಾದ ಸ್ಟೋರ್ಸನ್ನು ನಾನು ಕಂಡದ್ದಿಲ್ಲ. ಆದರೂ ಒಂದು ಭಾಗದ ಭಾಗ್ಯ ಇನ್ನೊಂದನ್ನು ಅವಲಂಬಿಸದಿದ್ದರೆ, ನೂರೂ ಏಕಕಾಲದಲ್ಲಿ ಕೂಡಿಬರುವ ಸಂಭವ ನೂರಕ್ಕೆ 37 ಮಾತ್ರ. 250 ಬಗೆಯಾದರೆ ಕೇವಲ 8. ಕೂಡಿಬಂದ ದಿನ ಕಾಯಿ ಒಡೆಯುವುದು ಇದರಿಂದಲೇ ಉಚಿತವೆನಿಸುತ್ತದೆ.

ಭಾಗಗಳನ್ನು ಬಳಕೆಯ ಒಟ್ಟು ಬೆಲೆಯ ಮೇಲೆ ಎ, ಬಿ, ಸಿ ಎಂದು ಮೂರು ವರ್ಣಗಳಾಗಿ ಒಡೆಯುವ ಕ್ರಮವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಫೋರ್ಡ್ ಡಿಕಿ ಎಂಬವರು 1951ರಲ್ಲಿ ಬರೆದು ಪ್ರಚುರಗೊಳಿಸಿದರು. ಗೇರ್‌ಬಾಕ್ಸಿನ ಹೌಸಿಂಗು ಎ. ಅದನ್ನು ದಿನವೂ ಎಣಿಸಿ, ಬೀಗ ಹಾಕಿ, ಮ್ಯಾನೇಜರರು ಸ್ವತಃ ವಿಚಾರಿಸಿಕೊಳ್ಳುತ್ತಾರೆ. ಸರ್‌ಕ್ಲಿಪ್ಪು ಸಿ. ಅಂಥವನ್ನು ಗಂಟುಗಟ್ಟಲೆ ತರಿಸಿಟ್ಟು ನಿಶ್ಚಿಂತರಾಗಿರಿ ಎಂಬುದು ಆ ವಿಭಾಗದ ತಾತ್ಪರ್ಯ. ನಮ್ಮವರು ಉತ್ತರಾರ್ಧವನ್ನು ಮಾತ್ರ ಆಚರಣೆಗೆ ತಂದರು. ಫಲವಾಗಿ ಒಂದು ಸರ್‌ಕ್ಲಿಪ್ಪಿಗಾಗಿ ಹೌಸಿಂಗು, ಶಾಫ್ಟು, ಬೇರಿಂಗು, ಆಯಿಲ್ ಸೀಲುಗಳೆಲ್ಲ ಕಿಟ್ ಟ್ರಾಲಿಯಲ್ಲಿ, ವರ ಬಾರದ ಛತ್ರದಲ್ಲಿ ನೆಂಟರು ಕುಳಿತಂತೆ ಕುಳಿತಿರುತ್ತವೆ. ನಾನು ಪ್ರತಿಪಾದಿಸಲಿರುವ ಸಿದ್ಧಾಂತವು ಇದೇ: ದಾಸ್ತಾನಿನ ಅತಿರೇಕಕ್ಕೆ ಜನನಿಯು ಅಭಾವವೇ. ಈ ಜನ್ಯಜನಕಸಂಬಂಧವನ್ನರಿಯದ ಆಡಿಟರರು ವರ್ಷಕ್ಕೊಮ್ಮೆ ಬಂದು, ತುಂಬಿದ ಟ್ರಾಲಿಗಳನ್ನು ಕಂಡು ದಾಸ್ತಾನು ಇಳಿಸಿರೆಂದು ಬರೆದು ಹೋಗುತ್ತಾರೆ. ಹೌಸಿಂಗಿನ ಆರ್ಡರನ್ನು ರದ್ದು ಮಾಡಲು ಫೌಂಡ್ರಿಯವರು ಒಪ್ಪದ ಕಾರಣ, ಸರ್‌ಕ್ಲಿಪ್ಪಿನ ಇಂಡೆಂಟನ್ನು ಇಳಿಸಲಾಗುತ್ತದೆ.

ಕಳೆದ ತಿಂಗಳ ಕಡೆಯ ದಿನ 40ರ ಸರ್‌ಕ್ಲಿಪ್ಪಿಗಾಗಿ ಪರ್ಚೇಸಿನ ಹುಡುಗನನ್ನು ಬೈಕಿನಲ್ಲಿ ಎಸ್.ಪಿ. ರಸ್ತೆಗೆ ಅಟ್ಟಿದೆವು. ಅಂಗಡಿಯವರು ಹತ್ತು ಒಯ್ಯಿರೆಂದರಂತೆ. ಇಂಡೆಂಟಿನಲ್ಲಿ ಒಂದು ಎಂದಿದ್ದುದರಿಂದ ಈ ಧರ್ಮಭೀರು ಒಂದನ್ನೇ, ಬಿಲ್ಲು ಸಮೇತ, ಅಂಗಿಯ ಜೇಬಿನಲ್ಲಿಟ್ಟು ತಂದನು. ಸಾಯಂಕಾಲ ಐದೂವರೆಗೆ, ಲಾರಿ ಗೇಟಿನಲ್ಲಿ ಹಾರ್ನ್ ಮಾಡುತ್ತಿರಲು, ಫಿಟ್ಟರ್ ಅದರ ಎರಡು ಕಣ್ಣುಗಳಿಗೆ ಪ್ಲೈಯರಿನ ಮೊನೆ ಚುಚ್ಚಿ, ಅಗಲಿಸಿ, ಶಾಫ್ಟಿನ ತೋಡಿಗೆ ಸಮೀಪಿಸಿದನು. ಟಿಣ್ ಎಂದಿತು. ಅದು ಹಾರಿದ್ದನ್ನು ಎಲ್ಲರೂ ಕಂಡರು, ಬಿದ್ದದ್ದನ್ನು ಕಂಡವರಿಲ್ಲ. ಸ್ಟೋರ್ಸ್ ಕೀಪರೂ ಸೇರಿ ನಾಲ್ವರು ಮೊಬೈಲಿನ ಟಾರ್ಚ್ ಹಿಡಿದು ರ‍್ಯಾಕುಗಳ ಅಡಿಯಲ್ಲಿ ಮೊಣಕಾಲೂರಿದೆವು.

“ಸಿಕ್ಕಿತು ಸಾರ್!” ಎಂದನು ಹುಡುಗ. ಬೆಳಕಿಗೆ ಹಿಡಿದು ನೋಡಿದೆವು. 42.